ಸಿದ್ದಿ ಸ್ತ್ರೀಯರ ಕೌದಿ

ಹೊನ್ನಾಳಿಯ ಸೀಮೆಯಲ್ಲಿ ಕೌದಿಯನ್ನರಿಯದ ಮನೆಯು ವಿರಳ. ಅಜ್ಜಿಯ ಹಳೆಯ ಸೀರೆ, ಮಕ್ಕಳ ಹರಿದ ಅಂಗಿ ಎಲ್ಲವೂ ಅದರಲ್ಲಿ ಉಳಿದಿರುತ್ತವೆ. ಅದನ್ನು ಹೊಲಿದವಳನ್ನು ಕಲಾವಿದೆಯೆಂದು ಕರೆದವರಾರು?

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿರುವ ಸಿದ್ದಿಯರು ಕನ್ನಡನಾಡಿನವರೇ. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರಿಗೆ ಘಟ್ಟದ ಕಾಡೇ ಆಶ್ರಯವಾಯಿತು. ಆ ಜನಾಂಗದ ಸ್ತ್ರೀಯರು ಕೌದಿಯನ್ನು ‘ಕವಂದಿ’ಯೆನ್ನುವರು. ಅಂಚಿನಿಂದ ಹೊಲಿಗೆಯನ್ನಾರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ನಾಲ್ಕು ಮೂಲೆಗಳಿಗೆ ಬಟ್ಟೆಯ ಹೂವನ್ನಿಡುವರು. ಹೂವಿಲ್ಲದ ಕವಂದಿಯು ಬೆತ್ತಲೆಯೆಂಬುದು ಅವರ ಮಾತು.

ಅಮೆರಿಕದ ಕಲಾಪಂಡಿತರಾದ ಹೆನ್ರಿ ಡ್ರೂವಲ್‌ರವರ ಶ್ರಮದಿಂದ ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಅದೇ ಹಾರ್ಲೆಂನಲ್ಲಿ 1930ರಲ್ಲಿ ಜನಿಸಿದ ಫೇತ್ ರಿಂಗೋಲ್ಡ್‌ರವರು, ಕಲಾಮಂದಿರಗಳಲ್ಲಿ ಕಪ್ಪು ಸ್ತ್ರೀಯರಿಗೆ ಸ್ಥಳವಿಲ್ಲವೇಕೆಂದು ಬೀದಿಯಲ್ಲಿ ನಿಂತು ಕೇಳಿದವರು. 1980ರಲ್ಲಿ ತಾಯಿಯೊಡನೆ ಮೊದಲ ಕೌದಿಯನ್ನು ಹೊಲಿದು, ಮುಂದೆ ಚಿತ್ರ, ಬಟ್ಟೆ, ಕಥೆ ಮೂರನ್ನೂ ಒಂದರಲ್ಲಿಯೇ ಕೂಡಿಸಿದರು. 2024ರಲ್ಲಿ ತೀರಿಕೊಂಡಾಗ ಜಗತ್ತು ಅವರನ್ನು ಮಹಾಕಲಾವಿದೆಯೆಂದೇ ಸ್ಮರಿಸಿತು.

ಕಡಲಾಚೆಯವರು ಗೋಡೆಗೆ ತೂಗುಹಾಕಿದುದನ್ನು ನಾವು ಅಟ್ಟದ ಮೇಲೆ ಸುತ್ತಿಡುತ್ತೇವೆ. ಚಳಿ ಬಂದಾಗ ಮಾತ್ರ ನೆನಪು! ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆಯು ದೊರೆಯಿತು. ಅವರ ಸ್ತ್ರೀಯರ ಸೂಜಿಗೆ ಸಲ್ಲಬೇಕಾದ ಮಾನ್ಯತೆಯು ಬೇರೆ. ನಮ್ಮ ಅಧಿಕಾರಿಗಳು ವಸ್ತುಪ್ರದರ್ಶನಗಳನ್ನು ಏರ್ಪಡಿಸುವಾಗ ಕವಂದಿಯನ್ನು ಕಂಬಳಿಗಳ ರಾಶಿಯೊಳಗೆ ಒಟ್ಟದೆ, ಗೋಡೆಗೆ ತೂಗಿಸಿ, ಕೆಳಗೆ ಹೊಲಿದವಳ ಹೆಸರನ್ನೂ ಊರನ್ನೂ ದಪ್ಪ ಅಕ್ಷರಗಳಲ್ಲಿ ಬರೆಯಿಸಲಿ.