ಗೋದಾಮಿನಲ್ಲೇ ಉಳಿದ ಹತ್ತು ಚೀಲ

ಕಂಪ್ಲಿಯ ಅಕ್ಕಿ ಮಿಲ್ಲೊಂದರಲ್ಲಿ ನಾನು ಲೆಕ್ಕ ಬರೆಯುವವನು. ತುಂಗಭದ್ರೆಯ ದಂಡೆಯ ಊರು ನಮ್ಮದು. ಭತ್ತದ ಸುಗ್ಗಿ ಬಂತೆಂದರೆ ಹಗಲೆಲ್ಲ ಚೀಲದ್ದೇ ಲೆಕ್ಕ. ಅಂಥದೊಂದು ರಾತ್ರಿ ಎಂಟನೇ ತರಗತಿಯ ಮಗಳು ನೋಟುಬುಕ್ಕು ಹಿಡಿದು ಬಂದಳು.

“ಯಪ್ಪಾ, ನನ್ನ ಉತ್ತರ ಬ್ಯಾರೆ, ಮೊಬೈಲ್‌ನಾಗ ಬ್ಯಾರೆ ಬರಾಕತ್ತೈತಿ.”

ಸುಲಭ ರೂಪಕ್ಕೆ ತರಬೇಕಾದ ಬೀಜೋಕ್ತಿ ಇದು: 3(ಎಕ್ಸ್ + 4) – 2(ಎಕ್ಸ್ – 5). ಅವಳಿಗೆ ಬಂದದ್ದು ಎಕ್ಸ್ + 2. ಆನ್‌ಲೈನ್ ಕ್ಯಾಲ್ಕುಲೇಟರ್ ಕೊಟ್ಟದ್ದು ಎಕ್ಸ್ + 22. ತನ್ನದನ್ನು ಅಳಿಸಿ ಅದನ್ನೇ ಬರೆಯಲು ರಬ್ಬರ್ ತೆಗೆದಿದ್ದಳು. ತಡೆದೆ. ಇಪ್ಪತ್ತರ ವ್ಯತ್ಯಾಸ ಎಲ್ಲಿ ಬಿತ್ತೆಂದು ತಿಳಿಯದೆ ಅಳಿಸಿದರೆ ನಾಳೆ ಅದೇ ತಪ್ಪು ಮತ್ತೆ ಬರುತ್ತದೆ. ಮಿಲ್ಲಿನ ಖಾತೆಯಲ್ಲೂ ಹಾಗೇ.

ಎಕ್ಸ್ ಬಿಟ್ಟು ಚೀಲದ ‘ಚ’ ಇಟ್ಟುಕೊಂಡೆವು. ಮೂರು ಲಾರಿ ಒಳಗೆ ಬಂದವು, ಒಂದೊಂದರಲ್ಲೂ ‘ಚ’ ಚೀಲ, ಮೇಲೆ ನಾಲ್ಕು. ಎರಡು ಲಾರಿ ಹೊರಗೆ ಹೋದವು, ಒಂದೊಂದರಲ್ಲೂ ‘ಚ’ಕ್ಕಿಂತ ಐದು ಕಡಿಮೆ. ಹಾಗೆ ಐದೈದರಂತೆ ತುಂಬದೆ ಬಿಟ್ಟ ಹತ್ತು ಚೀಲ ಎಲ್ಲಿವೆ?

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅವು ಹೋಗೇ ಇಲ್ಲಲ್ಲ ಯಪ್ಪಾ, ಇಲ್ಲೇ ಅದಾವ!”

ಹೌದು, ಆವರಣದ ಹೊರಗಿನ ಮೈನಸ್ 2 ಒಳಗಿನ ಮೈನಸ್ 5ನ್ನು ಗುಣಿಸಿದಾಗ ಪ್ಲಸ್ 10 ಆಗುವುದು ಇದಕ್ಕೇ. ಅವಳು ಮೈನಸ್ 10 ಬರೆದಿದ್ದಳು.

ಅಕ್ಷರ ಇಟ್ಟುಕೊಳ್ಳುವ ಈ ರೂಢಿ ನಮ್ಮಲ್ಲಿ ಹಳೆಯದು. 12ನೇ ಶತಮಾನದ ಭಾಸ್ಕರಾಚಾರ್ಯರು ‘ಬೀಜಗಣಿತ’ ಗ್ರಂಥದಲ್ಲಿ ತಿಳಿಯದ ಮೊತ್ತಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣದ ಹೆಸರಿಟ್ಟು ಕಾ, ನೀ, ಪೀ ಎಂಬ ಮೊದಲ ಅಕ್ಷರ ಬಳಸಿದರು. ಒಂದೇ ಬಣ್ಣದವನ್ನು ಕೂಡಿಸಬಹುದು, ಬೇರೆ ಬಣ್ಣದವು ಬೇರೆಯೇ ನಿಲ್ಲಬೇಕು. ಇಂದಿನ ಪಠ್ಯದ ಸಜಾತಿ, ವಿಜಾತಿ ಪದಗಳು ಇವೇ. ನಾವೂ ಭತ್ತದ ಚೀಲ, ತೌಡಿನ ಚೀಲ ಒಟ್ಟಿಗೆ ಕೂಡಿಸುವುದಿಲ್ಲ.

ಕ್ಯಾಲ್ಕುಲೇಟರ್ ಮಾಡುವುದೂ ಅಷ್ಟೇ: ಆವರಣ ಬಿಡಿಸುತ್ತದೆ, ಸಜಾತಿ ಪದಗಳನ್ನು ಕೂಡಿಸುತ್ತದೆ. ಸಿಂಬೋಲ್ಯಾಬ್‌ನಂಥವು ಹಂತಗಳನ್ನೂ ತೋರಿಸುತ್ತವೆ. ನನ್ನ ಮಟ್ಟಿಗೆ ಉತ್ತರಕ್ಕಿಂತ ಆ ಹಂತಗಳಿಗೇ ಬೆಲೆ. ಮಗು ಬರೆದ ಸಾಲಿನ ಪಕ್ಕ ಇಟ್ಟರೆ ದಾರಿ ಎಲ್ಲಿ ತಪ್ಪಿತೆಂದು ಕಾಣುತ್ತದೆ.

ಟೈಪ್ ಮಾಡುವಾಗ ಮಾತ್ರ ಎಚ್ಚರ ಬೇಕು. 6ನ್ನು 2ಎಕ್ಸ್‌ನಿಂದ ಭಾಗಿಸಬೇಕಿದ್ದರೆ 2ಎಕ್ಸ್‌ಗೆ ಆವರಣ ಹಾಕಿ. ಹಾಕದಿದ್ದರೆ ಕೆಲವು ಕ್ಯಾಲ್ಕುಲೇಟರ್‌ಗಳು 6ನ್ನು 2ರಿಂದ ಭಾಗಿಸಿ ಎಕ್ಸ್‌ನಿಂದ ಗುಣಿಸಿ 3ಎಕ್ಸ್ ಎನ್ನುತ್ತವೆ. ಯಂತ್ರದ ತಪ್ಪಲ್ಲ ಅದು, ನಾವು ಕೇಳಿದ್ದೇ ಬೇರೆ.

ಉತ್ತರ ಸರಿಯೇ ಎಂದು ನೋಡಲು ಮೊಬೈಲೂ ಬೇಕಿಲ್ಲ. ಎಕ್ಸ್ ಜಾಗದಲ್ಲಿ 10 ಇಡಿ. ಮೂಲ ಲೆಕ್ಕ 42 – 10, ಅಂದರೆ 32. ಎಕ್ಸ್ + 22 ಕೂಡ 32. ಎಕ್ಸ್ + 2 ಬರೀ 12. ಮಕ್ಕಳು ಮೊಬೈಲ್ ತೆಗೆಯುವ ಮೊದಲು ಈ ಒಂದು ಸಾಲು ಅವರಿಂದ ಬರೆಸಿ.