ಸೀಟಿನಡಿಯ ಬುತ್ತಿ

ಜನವರಿಯ ಶನಿವಾರ, ಬೆಳಗಿನ ಏಳು ಗಂಟೆ ದಾಟಿದೆ. ಗೌರಿಬಿದನೂರನ್ನು ಹಿಂದೆ ಹಾಕಿ ಹಿಂದೂಪುರದ ಕಡೆಗೆ ಹೊರಳಿದ್ದೇವೆ. ಮಂಜು ಇನ್ನೂ ಹೊಲಗಳ ಮೇಲೆ ಮಲಗಿದೆ. ರಸ್ತೆಯ ಅರ್ಧದುದ್ದಕ್ಕೂ ರಾಗಿ ಹುಲ್ಲು ಹರಡಿದ್ದಾರೆ. ಬಸ್ಸು, ಟ್ರಾಕ್ಟರು ಅದರ ಮೇಲೆ ಹಾಯುತ್ತಿದ್ದರೆ ಒಕ್ಕಣೆ ತಾನಾಗಿಯೇ ಆಗುತ್ತದೆ. ಪಕ್ಕದಲ್ಲಿ ಮುಸುಕಿನ ಜೋಳದ ರಾಶಿ, ಅದರ ಮೇಲೆ ರಾತ್ರಿ ಹೊದಿಸಿದ ಟಾರ್ಪಾಲು, ಟಾರ್ಪಾಲಿನ ಮೇಲೆ ಇಬ್ಬನಿ. ಹುಲ್ಲಿನ ಮೇಲೆ ಗಾಲಿ ಉರುಳುವಾಗ ರೇಷ್ಮೆ ಸೀರೆ ಮಡಿಸಿದಂಥ ಸದ್ದು. ವಿದುರಾಶ್ವತ್ಥ ಇನ್ನೇನು ಬಂತು ಎನ್ನುವಾಗ ಆ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿತು. ಸುಯ್‌, ಸುಯ್‌, ಸುಯ್‌. ಗಾಲಿ ಒಂದು ಸುತ್ತು ತಿರುಗಿದರೆ ಒಂದು ಉಸಿರು. ಹತ್ತು ಸುತ್ತಿಗೆ ಹಿಂದಿನ ಟಯರು ನೆಲಕ್ಕೆ ಅಂಟಿತು.

ಯಲಹಂಕದಿಂದ ನಾಲ್ಕೂವರೆಗೆ ಹೊರಟವರು ನಾವು ಮೂವರು. ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗದ ಬೆಟ್ಟಗಳ ಕಪ್ಪು ನೆರಳು, ತೊಂಡೇಬಾವಿ, ಎಲ್ಲ ದಾಟಿ ಇಲ್ಲಿಗೆ ಸುಮಾರು 70 ಕಿಲೋಮೀಟರು. ಇನ್ನೊಂದಿಷ್ಟು ಮುಂದೆ ಹೋಗಿ ತಿರುಗಿದರೆ, ಮನೆ ಸೇರುವ ಹೊತ್ತಿಗೆ ಐರನ್‌ಮ್ಯಾನ್ ಸ್ಪರ್ಧೆಯ ಸೈಕಲ್ ಭಾಗದ 180 ಕಿಲೋಮೀಟರಿಗೆ ಹತ್ತಿರವಾಗುತ್ತದೆ. ಸ್ಪರ್ಧೆಯಲ್ಲಿ ಅದಕ್ಕೆ ಮೊದಲು 3.8 ಕಿಲೋಮೀಟರು ಈಜು, ಆಮೇಲೆ 42.2 ಕಿಲೋಮೀಟರು ಓಟ. ಗೋವಾದಲ್ಲಿ 2019ರಲ್ಲಿ ಅರ್ಧ ಐರನ್‌ಮ್ಯಾನ್ ಶುರುವಾದ ಮೇಲೆ ಈ ದಾರಿಯಲ್ಲಿ ಮೊಣಕೈ ಊರಿ, ಬೆನ್ನು ಬಾಗಿಸಿ, ಬಾಣದಂತೆ ಹೋಗುವ ಸೈಕಲ್ಲುಗಳು ಕಾಣುವುದು ಹೊಸತೇನಲ್ಲ. ಗೋವಾದಲ್ಲಿ ಸೈಕಲ್ ಹಾದಿ 90 ಕಿಲೋಮೀಟರು.

ಸೈಕಲ್ಲನ್ನು ನಡೆಸಿಕೊಂಡು ಚಹಾ ಅಂಗಡಿಯ ಮುಂದಿನ ಬೇವಿನ ಬುಡಕ್ಕೆ ಬಂದೆ. ಎದುರಿಗೆ ನಾಗರಕಲ್ಲುಗಳು. ಒಂದೆರಡಲ್ಲ, ಸಾವಿರಾರು. ಹೆಡೆ ಬಿಚ್ಚಿದವು, ಜೋಡಿ ಹೆಣೆದುಕೊಂಡವು, ಅರಿಸಿನ ಕುಂಕುಮದಲ್ಲಿ ಮುಖ ಮುಚ್ಚಿಹೋದವು, ಮಳೆಗಾಳಿಗೆ ಸವೆದು ಬರೀ ಕಲ್ಲಾದವು. ಮಕ್ಕಳಾಗಲೆಂದು ಹರಸಿಕೊಂಡವರು ತಲೆಮಾರುಗಳಿಂದ ತಂದು ನಿಲ್ಲಿಸಿದ ಕಲ್ಲುಗಳಿವು. ವಿದುರ ನೆಟ್ಟದ್ದೆಂದು ಜನ ನಂಬುವ ಹಳೆಯ ಅರಳಿಮರ 2001ರಲ್ಲಿ ಉರುಳಿತು. ಆದರೂ ಪ್ರದಕ್ಷಿಣೆ ನಿಂತಿಲ್ಲ. ಒದ್ದೆ ಸೀರೆಯ ಹೆಂಗಸರು ಆಗಲೇ ಸುತ್ತು ಹಾಕುತ್ತಿದ್ದರು.

ಸೀಟಿನ ಹಿಂದಿನ ಚೀಲ ಬಿಚ್ಚಿ ಟವೆಲಿನ ಮೇಲೆ ಸಾಮಾನು ಹರಡಿದೆ. ಎರಡು ಟ್ಯೂಬು. ಟಯರು ಎಬ್ಬಿಸಲು ಎರಡು ಪ್ಲಾಸ್ಟಿಕ್ ಲಿವರು. ಹೆಬ್ಬೆರಳಿನಷ್ಟು ಉದ್ದದ, 16 ಗ್ರಾಂ ಅನಿಲ ತುಂಬಿದ ಇಂಗಾಲದ ಡೈಆಕ್ಸೈಡಿನ ಎರಡು ಉಕ್ಕಿನ ಬುಡ್ಡಿ, ಅದಕ್ಕೊಂದು ಮೂತಿ. ಮಡಚುವ ಚಾಕುವಿನಂಥ ಅಲೆನ್ ಕೀಗಳ ಕಟ್ಟು. ಚೈನು ತುಂಡಾದರೆ ಕೂಡಿಸಲು ಒಂದು ಕೊಂಡಿ. ಪ್ಯಾಚು, ಉಪ್ಪುಕಾಗದ, ಸಲ್ಯೂಷನ್ ಟ್ಯೂಬು. ಹಳೆಯ ಟಯರಿನಿಂದ ಕತ್ತರಿಸಿದ ಎರಡಂಗುಲದ ತುಂಡು. ಹೊರಟಯರೇ ಹರಿದಾಗ ಒಳಗಡೆ ಅದನ್ನಿಟ್ಟರೆ ಟ್ಯೂಬು ಹೊರಗೆ ಉಬ್ಬುವುದಿಲ್ಲ. ಅದಿಲ್ಲದವರು ಹತ್ತು ರೂಪಾಯಿಯ ನೋಟನ್ನು ಮಡಚಿ ಇಟ್ಟು ಮನೆ ಮುಟ್ಟಿದ್ದುಂಟು. ಕೊನೆಗೆ, ಮೂಗುತಿಯಷ್ಟೇ ತೂಗುವ ಒಂದು ಹಿತ್ತಾಳೆಯ ಬಿರಡೆ. ನಮ್ಮ ಟ್ಯೂಬಿನ ಸಪೂರ ಪ್ರೆಸ್ಟಾ ಮೂತಿಗೆ ಅದನ್ನು ತಿರುಗಿಸಿ ಕೂಡಿಸಿದರೆ ಬೈಕು, ಟ್ರಾಕ್ಟರಿಗೆ ಗಾಳಿ ಹಿಡಿಯುವ ಯಾವ ಪಂಚರ್ ಅಂಗಡಿಯ ಕಂಪ್ರೆಸರ್ ಆದರೂ ನಮಗೆ ಒದಗುತ್ತದೆ. ಚೀಲದಲ್ಲಿ ಟ್ಯೂಬಿನ ಜೊತೆ ಇನ್ನೊಂದನ್ನೇ ಉಳಿಸಿಕೊಳ್ಳಬಹುದು ಎಂದರೆ ನಾನು ಅದನ್ನೇ ಆರಿಸುವೆ.

ಟ್ರಯಥ್ಲಾನ್ ಸೈಕಲ್ಲಿನಲ್ಲಿ ಇಷ್ಟನ್ನು ಎಲ್ಲಿ ಕಟ್ಟುವುದು ಎನ್ನುವುದೇ ಒಂದು ವಿದ್ಯೆ. ಸಾದಾ ಸೈಕಲ್ಲಿನ ಚೌಕಟ್ಟಿಗೆ ಏನನ್ನಾದರೂ ನೇತುಹಾಕಬಹುದು. ಈ ಸೈಕಲ್ಲು ಗಾಳಿಯನ್ನು ಸೀಳಲೆಂದೇ ಹುಟ್ಟಿದ್ದು. ಕೊಳವೆಗಳು ಚಪ್ಪಟೆ, ಗಾಲಿಯ ರಿಮ್ಮು ಆಳ, ಮುಂದೆ ಮೊಣಕೈ ಊರುವ ಮೆತ್ತೆ, ಎರಡು ತೋಳುಗಳ ನಡುವೆ ನೀರಿನ ಬಾಟಲಿ. ಹೊರಗೆ ಚಾಚಿದ ಒಂದೊಂದು ವಸ್ತುವೂ ಗಾಳಿಗೆ ಸಿಕ್ಕುತ್ತದೆ. ಅದಕ್ಕೇ ಕೆಲವರು ಬಾಟಲಿಯ ಗೂಡಿನಲ್ಲಿ ನೀರಿನ ಬದಲು ಡಬ್ಬಿಯಿಟ್ಟು ಅದರಲ್ಲಿ ಉಪಕರಣ ತುಂಬುತ್ತಾರೆ. ಕೆಲವರು ಅನಿಲದ ಬುಡ್ಡಿಗಳನ್ನು ಕರೆಂಟಿನವರ ಕಪ್ಪು ಟೇಪಿನಿಂದ ಸೀಟಿನ ಕಂಬಕ್ಕೆ ಸುತ್ತುತ್ತಾರೆ. ಸೀಟಿನ ಹಿಂದೆ ಬಾಟಲಿ ಕಟ್ಟಿಕೊಂಡವರದು ಬೇರೆ ಕಷ್ಟ: ಗುಂಡಿಗೆ ಬಿದ್ದಾಗ ಬಾಟಲಿ ಹಾರಿಹೋಗುತ್ತದೆ, ಜೊತೆಗೆ ಚೀಲವೂ. ಗೌರಿಬಿದನೂರಿನ ಒಳರಸ್ತೆಗಳಲ್ಲಿ ಹಾಗೆ ಚೀಲ ಕಳೆದುಕೊಂಡು ಹತ್ತು ಕಿಲೋಮೀಟರು ಹಿಂದೆ ಹೋಗಿ ಹುಡುಕಿದವರನ್ನು ನೋಡಿದ್ದೇನೆ. ಎರಡು ಸುತ್ತು ವೆಲ್ಕ್ರೋ ಪಟ್ಟಿ ಬಿಗಿದು, ಸಾಮಾನಿನ ನಡುವೆ ಹಳೆಯ ಕಾಲುಚೀಲ ತುರುಕಿ, ಅಲುಗಿಸಿದರೂ ಕಿಲಕಿಲ ಎನ್ನದಂತೆ ಕಟ್ಟುವುದು ನನ್ನ ಪದ್ಧತಿ.

ಚೈನನ್ನು ಎಲ್ಲಕ್ಕಿಂತ ಚಿಕ್ಕ ಹಲ್ಲುಗಾಲಿಗೆ ಇಳಿಸಿ ಹಿಂದಿನ ಗಾಲಿ ಕಳಚಿದೆ. ಲಿವರು ಹಾಕಿ ಟಯರಿನ ಒಂದು ಅಂಚು ಎಬ್ಬಿಸಿ, ಸತ್ತ ಟ್ಯೂಬನ್ನು ಕರುಳು ಎಳೆದಂತೆ ಎಳೆದೆ. ಅವಸರವಿದ್ದವರು ಇಲ್ಲೇ ಎಡವುವುದು. ಹೊಸ ಟ್ಯೂಬು ತುರುಕಿ ಹೊರಟರೆ, ಟಯರಿನಲ್ಲಿ ಇನ್ನೂ ಕಚ್ಚಿಕೊಂಡಿರುವ ಮುಳ್ಳು ಅದನ್ನೂ ನೂರು ಗಜದೊಳಗೆ ಕೊಲ್ಲುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಟಯರಿನ ಒಳಮೈಯನ್ನು ಮೆಲ್ಲಗೆ ಸವರುತ್ತ ಬಂದೆ. ಮುಕ್ಕಾಲು ಸುತ್ತಿನಲ್ಲಿ ಚುಚ್ಚಿತು.

ಜಾಲಿ ಮುಳ್ಳು. ರಾಗಿ ಹುಲ್ಲಿನೊಂದಿಗೆ ಹೊಲದಿಂದ ಬಂದದ್ದಿರಬೇಕು. ಪ್ರದಕ್ಷಿಣೆ ಮುಗಿಸಿ ಬಂದ ಅಜ್ಜಿಯೊಬ್ಬರು ಅದನ್ನು ಉಗುರಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಮುರಿದ ತುದಿ ಒಳಗೇ ಉಳಿದಿದೆಯೇನೋ ನೋಡಪ್ಪ ಎಂದರು. ಬರಿಗಾಲಲ್ಲಿ ಹೊಲ ಸುತ್ತಿದವರಿಗೆ ಮಾತ್ರ ಗೊತ್ತಿರುವ ಮಾತು. ಇನ್ನೊಮ್ಮೆ ಸವರಿದೆ, ನಿಜ, ತುದಿ ಇತ್ತು. ಈ ಸೀಮೆಯಲ್ಲಿ ಜಾಲಿಯ ಜೊತೆಗೆ ನೆಗ್ಗಿಲು ಮುಳ್ಳಿನ ಕಾಟವೂ ಉಂಟು. ನೆಲಕ್ಕೆ ಹಬ್ಬುವ ಈ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಅದೇ ಬಳ್ಳಿಗೆ ಅಮೆರಿಕದವರು ಪಂಕ್ಚರ್ ಬಳ್ಳಿ ಎಂದೇ ಹೆಸರಿಟ್ಟಿದ್ದಾರೆ. ಮುಳ್ಳಿಲ್ಲದೆಯೂ ಟ್ಯೂಬು ಸಾಯುತ್ತದೆ. ಗಾಳಿ ಕಡಿಮೆಯಿದ್ದಾಗ ಗುಂಡಿಯ ಅಂಚಿಗೆ ಬಡಿದರೆ ರಿಮ್ಮಿನ ಎರಡು ತುಟಿಗಳು ಟ್ಯೂಬನ್ನು ಕಚ್ಚಿ ಪಕ್ಕಪಕ್ಕದಲ್ಲಿ ಎರಡು ತೂತು ಮಾಡುತ್ತವೆ. ಹಲ್ಲಿನ ಗುರುತಿನ ಹಾಗಿರುವ ಅದಕ್ಕೆ ಲೋಕದ ಸೈಕಲ್ಲಿನವರೆಲ್ಲ ಹಾವಿನ ಕಡಿತ ಎನ್ನುತ್ತಾರೆ. ನಾಗರಕಲ್ಲುಗಳೆದುರು ಕೂತು ಆ ಹೆಸರು ನೆನೆದಾಗ ಮೈ ಸಣ್ಣಗೆ ಜುಮ್ಮೆಂದಿತು.

ಹೊಸ ಟ್ಯೂಬಿಗೆ ಬಾಯಿಂದ ಒಂದು ಉಸಿರು ಊದಿ, ಅದು ದುಂಡಗಾದ ಮೇಲೆ ಟಯರಿನೊಳಗೆ ಕೂರಿಸಿದೆ. ಹೀಗೆ ಮಾಡಿದರೆ ಮಡಿಕೆ ಬೀಳುವುದಿಲ್ಲ. ಆಳದ ರಿಮ್ಮಿಗೆ ಟ್ಯೂಬಿನ ಮೂತಿಯೂ ಉದ್ದವಿರಬೇಕು. ಗಿಡ್ಡ ಮೂತಿಯ ಟ್ಯೂಬನ್ನು ತಂದವನು ಟ್ಯೂಬಿದ್ದೂ ಬಡವ. ಕೊನೆಯ ಒಂದು ಗೇಣು ಟಯರನ್ನು ಲಿವರಿಲ್ಲದೆ ಅಂಗೈಯಿಂದಲೇ ಉರುಳಿಸಿ ಒಳಗೆ ಸೇರಿಸಬೇಕು. ಹೆಬ್ಬೆರಳು ಕೆಂಪಾದವು, ಆದರೆ ಸೇರಿತು. ಅನಿಲದ ಬುಡ್ಡಿ ತೆಗೆಯಲಿಲ್ಲ. ಅದು ಒಂದೇ ಉಸಿರಿಗೆ ಟಯರು ತುಂಬುತ್ತದೆ, ಮೈಯೆಲ್ಲ ಹಿಮಗಟ್ಟಿ ಕೈ ಸುಡುತ್ತದೆ, ಆದರೆ ಆ ಅನಿಲ ರಬ್ಬರಿನಲ್ಲಿ ಬೇಗ ಕರಗಿ ಸೋರುವುದರಿಂದ ಮರುದಿನ ಮತ್ತೆ ಗಾಳಿ ಹಿಡಿಯಬೇಕು. ಅದು ಸ್ಪರ್ಧೆಯ ದಿನಕ್ಕಿರಲಿ. ಚೌಕಟ್ಟಿಗೆ ಕಟ್ಟಿದ್ದ ಗೇಣುದ್ದದ ಕೈಪಂಪು ಬಿಚ್ಚಿ ಮೂವರೂ ಸರದಿಯಲ್ಲಿ ಒತ್ತಿದೆವು.

ಇಂಥ ಟಯರು, ಪುಟ್ಟ ಬುಡ್ಡಿಗಳ ಮೇಲೆ ವಿಶ್ವ ಚಾಂಪಿಯನ್‌ ಪಟ್ಟಗಳು ತೂಗಿವೆ. ಹವಾಯಿಯ ಕೋನಾದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ 2005ರಲ್ಲಿ ಹಿಂದಿನ ವರ್ಷದ ವಿಜೇತ, ಜರ್ಮನಿಯ ನಾರ್ಮನ್ ಸ್ಟಾಡ್ಲರ್ ಅವರ ಪಂಕ್ಚರಾದ ಟಯರು ರಿಮ್ಮಿಗೆ ಅಂಟಿನಿಂದ ಎಷ್ಟು ಬಿಗಿದಿತ್ತೆಂದರೆ ಕಿತ್ತು ಬರಲಿಲ್ಲ. ಅಳುತ್ತ ಸೈಕಲ್ಲನ್ನೇ ಎಸೆದರು. ಮರುವರ್ಷ ಮತ್ತೆ ಗೆದ್ದರು. ಅದೇ ಕೋನಾದಲ್ಲಿ 2008ರಲ್ಲಿ ಮುಂದಿದ್ದ ಬ್ರಿಟನ್ನಿನ ಕ್ರಿಸ್ಸಿ ವೆಲಿಂಗ್ಟನ್ ಪಂಕ್ಚರಾಗಿ ನಿಂತರು, ಕೈಲಿದ್ದ ಅನಿಲ ಗಾಳಿಗೆ ಹೋಯಿತು. ಹಿಂದಿನಿಂದ ಬಂದ ಆಸ್ಟ್ರೇಲಿಯಾದ ರೆಬೆಕಾ ಕೀಟ್ ತಮ್ಮ ಬುಡ್ಡಿಯನ್ನು ಕೊಟ್ಟು ಮುಂದೆ ಹೋದರು. ವೆಲಿಂಗ್ಟನ್ ಗೆದ್ದರು. ಟ್ರಯಥ್ಲಾನಿನಲ್ಲಿ ಬೆನ್ನ ಹಿಂದೆ ತಂಡದ ಕಾರಿನಲ್ಲಿ ಮೆಕ್ಯಾನಿಕ್ ಬರುವುದಿಲ್ಲ. ದಾರಿಬದಿಯಲ್ಲಿ ನಿಂತ ಅಣ್ಣನೂ ಕೈ ಹಚ್ಚುವಂತಿಲ್ಲ. ಆದರೆ ಸಹಸ್ಪರ್ಧಿ ಟ್ಯೂಬು, ಪಂಪು ಕೊಡಬಹುದು. ಕೊಟ್ಟವರೇ ಮುಂದೆ ಹೋಗಲಾರದಂತಾಗುವ ಗಾಲಿ, ಸೈಕಲ್ಲು ಮಾತ್ರ ಕೊಡಬಾರದು. ಆಟದ ನಿಯಮಗಳಲ್ಲಿ ಇಷ್ಟು ಮನುಷ್ಯತ್ವವಿರುವ ನಿಯಮ ನಾನು ಕಂಡಿದ್ದು ಕಡಿಮೆ.

ಚಹಾ ಕುಡಿದು, ಟಕಟಕ ಎನ್ನುವ ಸೈಕಲ್ ಬೂಟು ಕಳಚಿ, ಬರಿಗಾಲಲ್ಲಿ ಹುತಾತ್ಮರ ಸ್ತೂಪದವರೆಗೆ ಹೋದೆವು. ಈ ದಾರಿಗೆ ಬಂದಾಗಲೆಲ್ಲ ಹೋಗುತ್ತೇವೆ. 1938ರ ಏಪ್ರಿಲ್ 25ರಂದು ಜಾತ್ರೆಯ ಕಾಲದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಆಜ್ಞೆ ಮುರಿದು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಇಲ್ಲೇ ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂದು ಈ ಊರು ನೆನೆಯುತ್ತದೆ. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಗಿ ಸಂಸ್ಥಾನದಲ್ಲಿ ಬಾವುಟಕ್ಕೆ ಹಾದಿಯಾಯಿತು. ನಡೆದೇ ಬಂದ ರೈತರು ಬಿದ್ದ ನೆಲ. ಇಲ್ಲಿ ನಿಂತಾಗ ನಾವು ಎಷ್ಟು ಗಂಟೆಗೆ ಎಷ್ಟು ಕಿಲೋಮೀಟರು ಬಂದೆವೆಂದು ಕೈಗಡಿಯಾರ ನೋಡುವುದಿಲ್ಲ.

ಮರಳುವ ದಾರಿಯಲ್ಲಿ, ಗೌರಿಬಿದನೂರಿಗೆ ಎರಡು ಕಿಲೋಮೀಟರು ಮೊದಲು, ಸಮವಸ್ತ್ರದ ಹುಡುಗನೊಬ್ಬ ಸೈಕಲ್ಲು ತಳ್ಳುತ್ತ ಹೋಗುತ್ತಿದ್ದ. ಶನಿವಾರದ ಬೆಳಗಿನ ಶಾಲೆ. ಮುಂದಿನ ಗಾಲಿ ಚಪ್ಪಟೆ. ಸರ್ಕಾರ 2006–07ರಲ್ಲಿ ಎಂಟನೇ ತರಗತಿಯವರಿಗೆ ಕೊಡಲು ಶುರು ಮಾಡಿದ ಸೈಕಲ್ಲುಗಳ ಪೈಕಿಯದು, ಅಕ್ಕನದಂತೆ. ನಮ್ಮಲ್ಲಿ ಉಳಿದ ಟ್ಯೂಬು ಕಡ್ಡಿಯಂಥದು, ಅವನ ದಪ್ಪ ಟಯರಿಗೆ ಆಗುವುದಲ್ಲ. ಪ್ಯಾಚಿಗೆ ಮಾತ್ರ ಅಂಥ ಭೇದವಿಲ್ಲ. ಬದುವಿನ ಪಕ್ಕದ ನೀರಿನ ತೊಟ್ಟಿಯಲ್ಲಿ ಅವನ ಟ್ಯೂಬು ಅದ್ದಿದೆವು. ಸಣ್ಣ ಗುಳ್ಳೆಗಳ ಸರ ಮೇಲೆದ್ದಿತು. ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿದೆ. ಕೂಡಲೇ ಅಂಟಿಸಲು ಹೊರಟ ಹುಡುಗನ ಕೈ ಹಿಡಿದೆ. ಹೊಳಪು ಹೋಗಿ ಮಂಕಾಗುವವರೆಗೆ ಕಾಯಬೇಕು, ಆಗಲೇ ರಬ್ಬರು ರಬ್ಬರನ್ನು ಹಿಡಿಯುವುದು. ಅಷ್ಟರಲ್ಲಿ ಹಿಂದೂಪುರದ ಕಡೆಗೆ ಒಂದು ರೈಲು ಕೂಗಿಕೊಂಡು ಹೋಯಿತು. ಅವನು ಸಾಮಾನುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಇದೇನು, ಇದೇನು ಎಂದು ಕೇಳಿದ.

ನಮ್ಮ ಸಪೂರ ಪಂಪು ಹಳೆಯ ಮೂತಿಯ ಟ್ಯೂಬಿಗೂ ಸರಿಯಾಗಿ ಕೂರುತ್ತದೆ. ಮೊದಲ ನೂರು ಒತ್ತು ನಾವು ಒತ್ತಿದೆವು. ಆಮೇಲೆ ಅವನು ಪಂಪನ್ನು ಕಸಿದುಕೊಂಡು ತಾನೇ ಒತ್ತಿದ, ಮಣಿಗಂಟು ಬೆವರುವವರೆಗೆ. ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಚೀಲ ಕ್ಯಾರಿಯರಿಗೆ ಸಿಕ್ಕಿಸಿ ಹಾರಿ ಕೂತ.

ಸಾಮಾನನ್ನು ಕಾಲುಚೀಲದಲ್ಲಿ ಸುತ್ತಿ ಮತ್ತೆ ಕಟ್ಟಿದೆ. ಒಂದು ಹೊಸ ಟ್ಯೂಬು, ಎರಡು ಬುಡ್ಡಿ, ನಾಲ್ಕು ಪ್ಯಾಚು ಉಳಿದಿದ್ದವು. ಮುಂದೆ ತೊಂಡೇಬಾವಿ, ಮಾಕಳಿದುರ್ಗ. ಮಂಜು ಕರಗಿ ಹುಲ್ಲಿನ ಮೇಲೆ ಬಿಸಿಲು ಬಿದ್ದಿತ್ತು.