ಯೂರಿಯಾ ಚೀಲದ ಇಂಗಾಲ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪಿನ ನೆರಳಲ್ಲಿ ನಿಂತವರಿಗೆ, ಹಣ್ಣಿನ ತೋಟವೂ ಭೂಮಿಯನ್ನು ಬಿಸಿ ಮಾಡಬಲ್ಲದು ಎಂದರೆ ನಂಬಿಕೆ ಬರುವುದು ಕಷ್ಟ. ಮರ ಗಾಳಿಯ ಇಂಗಾಲವನ್ನು ಹೀರಿಯೇ ಬೆಳೆಯುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. ಆದರೆ ಹಣ್ಣಿಗೆ ಗೊಬ್ಬರ ಬೇಕು, ನೀರು ಬೇಕು. ಅವೆರಡೂ ಹೊಗೆ ಕಾಣಿಸದೆ ಅನಿಲ ಬಿಡುತ್ತವೆ.

45 ಕಿಲೋ ಯೂರಿಯಾ ಚೀಲವನ್ನೇ ನೋಡೋಣ. ಅದರಲ್ಲಿ ಶೇ. 46, ಅಂದರೆ ಸುಮಾರು 20 ಕಿಲೋ ಸಾರಜನಕ. ಬೇರು ಹೀರದೆ ಉಳಿದದ್ದು ಮಣ್ಣಿನ ಸೂಕ್ಷ್ಮಜೀವಿಗಳ ಪಾಲು. ಮಣ್ಣು ನೀರಿನಿಂದ ತುಂಬಿ ಗಾಳಿಯಾಡದೆ ಹೋದರೆ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕಕ್ಕಾಗಿ ನೈಟ್ರೇಟನ್ನೇ ಒಡೆಯುತ್ತವೆ. ಆಗ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಹಾಕಿದ ಸಾರಜನಕದ ನೂರರಲ್ಲೊಂದು ಪಾಲು ಹೀಗೆ ಹೋಗುತ್ತದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಸಾಮಾನ್ಯ ಅಂದಾಜು. ಯೂರಿಯಾ ಮಣ್ಣಿನಲ್ಲಿ ಕರಗುವಾಗ ಬಿಡುವ ಇಂಗಾಲವನ್ನೂ ಕೂಡಿಸಿದರೆ ಒಂದು ಚೀಲಕ್ಕೆ ಸುಮಾರು 120 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಹೊರೆ. 45 ಲೀಟರ್ ಡೀಸೆಲ್ ಸುಟ್ಟರೂ ಸರಿಸುಮಾರು ಇಷ್ಟೇ! ನೈಸರ್ಗಿಕ ಅನಿಲ ಬಳಸಿ ಯೂರಿಯಾವನ್ನು ತಯಾರಿಸಿದ ಕಾರ್ಖಾನೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಹಾಗೆಂದು ಗೊಬ್ಬರ ಬಿಟ್ಟುಬಿಡಿ ಎಂದು ರೈತರಿಗೆ ಹೇಳುವುದು ಅನ್ಯಾಯ. ವ್ಯರ್ಥವಾಗುವ ಗೊಬ್ಬರವನ್ನು ಉಳಿಸಿದರೆ ಸಾಕು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಕೊಡುವುದು, ಒಂದೇ ಸಲ ಸುರಿದು ಮೇಲೆ ನೀರು ಹಾಯಿಸುವ ಬದಲು ಡ್ರಿಪ್ ಮೂಲಕ ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಮುಟ್ಟಿಸುವುದು, ಸಾಲುಗಳ ನಡುವೆ ಹುರುಳಿ, ಅಲಸಂದೆ ಬೆಳೆದು ಸಾರಜನಕದ ಒಂದಂಶವನ್ನು ಗಾಳಿಯಿಂದಲೇ ಪಡೆಯುವುದು, ಇವುಗಳಿಂದ ರೈತರ ಖರ್ಚೂ ಇಳಿಯುತ್ತದೆ.

ನೀರಿನ ಲೆಕ್ಕ ಕೋಲಾರದಂಥ ಜಿಲ್ಲೆಯಲ್ಲಿ ಇನ್ನೂ ಭಾರ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರೆತ್ತಲು, ಪಂಪಿನಲ್ಲಿ ಪೋಲಾಗುವುದೂ ಸೇರಿ, ಸುಮಾರು ಎರಡು ಯೂನಿಟ್ ವಿದ್ಯುತ್ ಬೇಕು. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿಕೊಂಡ ನಮ್ಮ ದೇಶದಲ್ಲಿ ಅಷ್ಟು ವಿದ್ಯುತ್ತಿನ ಹಿಂದೆ ಸುಮಾರು ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತವಾದ್ದರಿಂದ ರೈತರ ಖರ್ಚಿನ ಪುಸ್ತಕದಲ್ಲಿ ಇದು ಕಾಣುವುದೇ ಇಲ್ಲ. ಸೌರ ಪಂಪು ಒಳ್ಳೆಯ ಪರಿಹಾರ, ಆದರೆ ಡ್ರಿಪ್ ಇಲ್ಲದ ತೋಟಕ್ಕೆ ಅದನ್ನು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲಿರುವಷ್ಟು ಹೊತ್ತು ಪಂಪು ಓಡುತ್ತಿದ್ದರೆ ಅಂತರ್ಜಲ ಇನ್ನಷ್ಟು ಕೆಳಗಿಳಿಯುತ್ತದೆ. ಮರದ ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದರೆ ನೆಲದ ತೇವ ಬೇಗ ಆರುವುದಿಲ್ಲ.

ಇನ್ನು ಹಳೆಯ ಮರಗಳು. ಫಸಲು ಇಳಿದ ಮಾವನ್ನು ಬೇರುಸಹಿತ ಕಿತ್ತು ಸೌದೆಗೆ ಮಾರಿದರೆ ದಶಕಗಳ ಕಾಲ ಕೂಡಿಟ್ಟ ಇಂಗಾಲ ಒಲೆಯ ಪಾಲಾಗುತ್ತದೆ. ಅದರ ಬದಲು ಮುಖ್ಯ ಕೊಂಬೆಗಳನ್ನು ತಗ್ಗಿಸಿ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ಎರಡು ಮೂರು ವರ್ಷಗಳಲ್ಲಿ ಮತ್ತೆ ಕಾಯಿ ಹಿಡಿಯುತ್ತದೆ. ಹೊಸ ಕಸಿ ಗಿಡ ನೆಟ್ಟರೂ ಫಲಕ್ಕೆ ನಾಲ್ಕೈದು ವರ್ಷ ಕಾಯಲೇಬೇಕು. ಕತ್ತರಿಸಿದ ಸಣ್ಣ ರೆಂಬೆಗಳಿಗೆ ಬದುವಿನಲ್ಲಿ ಬೆಂಕಿ ಇಡದೆ ಪುಡಿ ಮಾಡಿ ಅದೇ ಮರದ ಬುಡಕ್ಕೆ ಹರಡಬಹುದು.